ಔಷಧ ಕಿಟಕಿ ಹಿಂದೆ ಕೂತೋರು ಯಾರು? (ಓದುಗರ ಪ್ರಶ್ನೆ, ನಮ್ಮ ಉತ್ತರ)

ಹೋದ ಸಂಚಿಕೇಲಿ ಬಿಪಿ ಮಾತ್ರೆ ನಡುನಡುವೆ ಬಿಡೋರ ಬಗ್ಗೆ ಬರೀವಾಗ "ಡೌಟ್ ಇದ್ರೆ ನಿಮ್ಮೂರ ಆಸ್ಪತ್ರೆ ಫಾರ್ಮಸಿಸ್ಟ್‌ನ ಕೇಳ್ರಿ" ಅಂತ ಒಂದು ಸಾಲು ಸೇರಿಸಿದ್ದೆ. ಆ ಸಾಲಿಗೇ ಪತ್ರ, ವಾಟ್ಸಾಪು ಅಂತ ರಾಶಿ ಬಂದು ಬಿದ್ದಿವೆ. ದಾವಣಗೆರೆ ಕಡೆಯವು, ದುರ್ಗದ ಕಡೆಯವು ಎರಡೂ ಇದಾವೆ. ಬರೆದೋರಲ್ಲಿ ಫಾರ್ಮಸಿಸ್ಟ್‌ಗಳಿದಾರೆ, ಡಾಕ್ಟ್ರಿದಾರೆ, ಮೆಡಿಕಲ್ ಶಾಪ್ ಇಟ್ಕೊಂಡೋರು, ಆಶಾ ಅಕ್ಕಂದಿರು, ಸೊಸೆಯಂದಿರು ಎಲ್ಲಾ ಇದಾರೆ. ಹೆಸರು ಹಾಕ್ಬೇಡ್ರಿ ಅಂದೋರೇ ಜಾಸ್ತಿ, ಅದಕ್ಕೆ ಎಲ್ಲರದ್ದೂ ಊರಷ್ಟೇ ಹಾಕಿದೀನಿ.

ಪ್ರಶ್ನೆ: ಸರ್, ನಾನು ಒಂದು ಪಿಎಚ್‌ಸೀಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಫಾರ್ಮಸಿ ಅಧಿಕಾರಿ. ಬೋರ್ಡಲ್ಲಿ ಹಂಗೇ ಬರ್ದೈತೆ, ಊರೋರಿಗೆ ಮಾತ್ರ ನಾನು 'ಮಾತ್ರೆ ಕೊಡೋ ಹುಡ್ಗ'. ತಿಂಗಳ ಮೀಟಿಂಗಲ್ಲಿ ಸಿಸ್ಟರ್‌ನ ಹೆರಿಗೆ ಎಷ್ಟಾತು ಅಂತ ಕೇಳ್ತಾರೆ, ಲ್ಯಾಬ್ನೋರನ್ನ ಕಫ ಪರೀಕ್ಷೆ ಎಷ್ಟಾತು ಅಂತ ಕೇಳ್ತಾರೆ, ನನ್ನ ಸರದಿ ಬಂದ್ರೆ "ಸ್ಟಾಕ್ ಐತೇನ್ರಿ" ಅಷ್ಟೇ, ಮುಂದಿನೋರ ಕಡೆ ತಿರುಗಿಬಿಡ್ತಾರೆ. ಇಷ್ಟು ಓದಿ ನಾನು ಸ್ಟೋರ್ ಕೀಪರ್ ಆದ್ನಾ? ನಾನು ಈ ಟೀಮಲ್ಲಿ ಇದೀನಾ ಇಲ್ವಾ?
(ಜಗಳೂರು ತಾಲೂಕು)

ಉತ್ತರ: ಮೊದ್ಲು ಸ್ಟಾಕ್ ಅನ್ನೋದನ್ನ ಅಷ್ಟು ಹಗುರ ಮಾಡ್ಬೇಡ್ರಿ ತಮ್ಮ. ನಿಮ್ಮ ಕಡೆ ಮೆಕ್ಕೆಜೋಳದ ಹೊಲದಲ್ಲಿ ಕತ್ತಲಾದ ಮೇಲೆ ಹಾವು ಕಚ್ಚಿಸ್ಕೊಂಡು ಬಂದೋನಿಗೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡೋ ಔಷಧಿ) ವಯಲ್ ಇರುತ್ತೋ ಇರಲ್ವೋ ಅನ್ನೋದು ನೀವು ಹಿಂದಿನ ತಿಂಗಳು ಹಾಕಿದ ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಮೇಲೆ ನಿಂತಿರುತ್ತೆ. ನಾಯಿ ಕಚ್ಚಿದ ಇಂಜೆಕ್ಷನ್ನೂ ಅಷ್ಟೇ. ಎಕ್ಸ್‌ಪೈರಿ ಹತ್ರ ಇರೋದನ್ನ ಮುಂದಕ್ಕೆ ಇಡೋದು, ಶಾರ್ಟ್ ಎಕ್ಸ್‌ಪೈರಿ ಆಗೋದನ್ನ ಖರ್ಚಾಗೋ ಪಕ್ಕದ ಪಿಎಚ್‌ಸಿಗೆ ಸಮಯಕ್ಕೆ ಸರಿಯಾಗಿ ದಾಟಿಸೋದು, ಇನ್ಸುಲಿನ್ ಇರೋ ಫ್ರಿಡ್ಜಿನ ಟೆಂಪರೇಚರ್ 2ರಿಂದ 8 ಡಿಗ್ರಿ ಒಳಗೆ ಐತಾ ನೋಡೋದು, ಇವು ಸರಿಯಾಗಿ ನಡೀತಿದ್ರೆ ಯಾರಿಗೂ ಕಾಣಲ್ಲ, ಕೆಟ್ಟಾಗ ಮಾತ್ರ ಎಲ್ರೂ ನಿಮ್ಮ ಹೆಸರು ಹಿಡ್ದು ಕೂಗ್ತಾರೆ. ಅದು ಆ ಕೆಲಸದ ಹಣೆಬರಹ.

ಆದ್ರೆ ನಿಮ್ಮ ಪ್ರಶ್ನೆ ಸ್ಟಾಕಿಂದಲ್ಲ ಅಂತ ಗೊತ್ತು. 2015ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ 'ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್' ತಂತಲ್ಲ, ಅದನ್ನ ಓದಿದೀರಾ? ಓದಿಲ್ಲ ಅಂದ್ರೆ ಇವತ್ತೇ ಓದ್ರಿ. ರೋಗಿಗೆ ಏನೇನು ಹೇಳ್ಬೇಕು ಅಂತ ಅದ್ರಲ್ಲಿ ಬಿಡಿಸಿ ಬರೆದಿದಾರೆ: ಯಾವ ಔಷಧಿ, ಯಾತಕ್ಕೆ, ಎಷ್ಟು, ಎಷ್ಟು ದಿನ, ತಗೊಂಡ್ರೆ ಏನೇನು ತೊಂದ್ರೆ ಆಗ್ಬಹುದು, ಎಲ್ಲಿ ಇಡ್ಬೇಕು, ಒಂದು ಹೊತ್ತು ಮರೆತ್ರೆ ಏನು ಮಾಡ್ಬೇಕು. ಅಂದ್ರೆ ರೋಗಿ ಜೊತೆ ಮಾತಾಡೋದು ನೀವು ಯಾರಿಗೋ ಮಾಡೋ ಉಪಕಾರ ಅಲ್ಲ, ಅದೇ ನಿಮ್ಮ ಡ್ಯೂಟಿ, ಕಾನೂನೇ ಹಂಗೆ ಹೇಳುತ್ತೆ.

ಈಗ ನೀವು "ಸರ್, ಬೆಳಿಗ್ಗೆ ಓಪಿಡಿ ರಶ್ಶಲ್ಲಿ ಕಿಟಕಿ ಮುಂದೆ ಜನ ತಳ್ಳಾಡ್ತಿರ್ತಾರೆ, ಇದೆಲ್ಲಾ ಯಾವಾಗ ಹೇಳೋದು" ಅಂತೀರಿ. ಖರೇನೇ. ಎಲ್ರಿಗೂ ಎಲ್ಲಾ ಹೇಳೋಕಾಗಲ್ಲ, ಹೇಳೋಕೂ ಹೋಗ್ಬೇಡ್ರಿ. ಆರಿಸ್ಕೊಳ್ರಿ. ಇವತ್ತೇ ಮೊದಲ ಸಲ ಸಕ್ಕರೆ ಮಾತ್ರೆ ಶುರು ಆದೋರು, ಇನ್ಸುಲಿನ್ ಹಾಕ್ಕೊಳೋರು, ಬಸುರಿ ಹೆಂಗಸ್ರು, ಐದಾರು ಥರದ ಮಾತ್ರೆ ಇರೋ ವಯಸ್ಸಾದೋರು, ಇವ್ರನ್ನ ಮಾತ್ರ ಪಕ್ಕಕ್ಕೆ ಕೂರಿಸ್ಕೊಂಡು ರಶ್ ಇಳಿದ ಮೇಲೆ ಮಾತಾಡ್ಸಿ ಕಳ್ಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಳೋನಿಗೆ ಒಂದು ಮಾತು ಸಾಕು.

ಇನ್ನ ಅಸಲು ವಿಷಯ. ನಿಮ್ಮ ಹತ್ರ ಡಾಕ್ಟ್ರ ಹತ್ರ ಇಲ್ದೇ ಇರೋ ಒಂದು ಮಾಹಿತಿ ಐತೆ, ಸಿಸ್ಟರ್ ಹತ್ರಾನೂ ಇಲ್ಲ, ಸಿಎಚ್‌ಓ (ಸಮುದಾಯ ಆರೋಗ್ಯ ಅಧಿಕಾರಿ) ಹತ್ರಾನೂ ಪೂರ್ತಿ ಇಲ್ಲ. ಯಾರು ಮಾತ್ರೆ ತಗೊಂಡು ಹೋಗೋಕೆ *ಬರ್ಲಿಲ್ಲ* ಅನ್ನೋದು. ಡಾಕ್ಟ್ರಿಗೆ ಎದುರಿಗೆ ಬಂದು ಕೂತ ಪೇಶಂಟ್ ಮಾತ್ರ ಕಾಣ್ತಾನೆ. ನಿಮ್ಮ ರಿಜಿಸ್ಟರ್‌ನಲ್ಲಿ ಬರದೇ ಇರೋನೂ ಕಾಣ್ತಾನೆ. ಮೂವತ್ತು ದಿನದ ಬಿಪಿ ಮಾತ್ರೆ ಒಯ್ದ ಅಜ್ಜ ಐವತ್ತು ದಿನ ಆದ್ರೂ ಕಿಟಕಿ ಹತ್ರ ಬಂದಿಲ್ಲ ಅಂದ್ರೆ ಅವ್ನು ದಿನಾ ನುಂಗ್ತಿಲ್ಲ ಅಂತ ಅರ್ಥ, ಇಲ್ಲಾಂದ್ರೆ ಬೇರೆ ಕಡೆ ತಗೊಳ್ತಿದಾನೆ, ಇಲ್ಲಾ ಮಗಳ ಮನೆಗೆ ಹೋಗಿದಾನೆ. ಅಂಥೋರ ಪಟ್ಟಿ ಊರುವಾರು ಮಾಡ್ಕೊಂಡು ಮೀಟಿಂಗಿಗೆ ಹೋಗ್ರಿ. "ಸ್ಟಾಕ್ ಐತೇನ್ರಿ" ಅಂದ ಕೂಡ್ಲೇ "ಸ್ಟಾಕ್ ಐತೆ ಸರ್, ತಗೊಳೋರೇ ಬಂದಿಲ್ಲ, ಈ ಊರಲ್ಲಿ ಇಷ್ಟು ಜನ, ಈ ತಾಂಡಾದಲ್ಲಿ ಇಷ್ಟು ಜನ" ಅಂತ ಹಾಳೆ ಮುಂದಿಡ್ರಿ, ಆಶಾಗಳು ಅವತ್ತೇ ಹೆಸರು ಬರ್ಕೊಂಡು ಹೋಗ್ತಾರೆ. ಅವ್ರು ವಾಪಸ್ ಬಂದು "ಕಾಲು ಊತ ಬಂತು ಅಂತ ಬಿಟ್ಟಿದಾರಂತೆ" ಅಂದಾಗ ಅದು ಅಮ್ಲೋಡಿಪಿನ್ ಅನ್ನೋ ಬಿಪಿ ಮಾತ್ರೆದಿರಬಹುದು ಅಂತ ಡಾಕ್ಟ್ರಿಗೆ ಹೇಳೋದೂ ನೀವೇ. ಟೀಮಲ್ಲಿ ಇದೀನಾ ಅಂತ ಯಾರನ್ನೂ ಕೇಳೋ ಪ್ರಸಂಗ ಆಮೇಲೆ ಬರಲ್ಲ.

ಇನ್ನೊಂದು, ಒಂದು ನೋಟ್‌ಬುಕ್ ಇಡ್ರಿ. ಯಾವ ಚೀಟೀಲಿ ಏನು ಡೌಟ್ ಬಂತು, ಡಾಕ್ಟ್ರಿಗೆ ಏನು ಹೇಳಿದ್ರಿ, ಏನು ಬದಲಾಯ್ತು. ಎರಡೇ ಸಾಲು. ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕ ಇರಲ್ಲ, ನಮ್ಮ ಇಲಾಖೇಲಂತೂ ಬರೆದಿದ್ದೇ ಕೆಲಸ, ಬರೀದೇ ಇರೋದು ಆಗೇ ಇಲ್ಲ.

ಪ್ರಶ್ನೆ: ನಮ್ಮತ್ತೆಗೆ ಬಿಪಿ, ಶುಗರ್ ಎರಡೂ ಐತೆ. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತರ್ತೀವಿ, ನಡುವೆ ಒಮ್ಮೆ ದಾವಣಗೆರೇಲಿ ಪ್ರೈವೇಟ್ ಡಾಕ್ಟ್ರಿಗೂ ತೋರ್ಸಿದ್ವಿ ಅವ್ರೂ ಬರ್ಕೊಟ್ಟಿದಾರೆ, ಮಂಡಿ ನೋವಿಗೆ ಅವ್ರೇ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ತಾರೆ. ಈಗ ತಲೆ ಸುತ್ತು ಅಂತಾರೆ. ಇದನ್ನೆಲ್ಲಾ ಆಸ್ಪತ್ರೆ ಫಾರ್ಮಸಿಸ್ಟ್‌ನ ಕೇಳಿದ್ರೆ ನಡೆಯುತ್ತಾ, ಡಾಕ್ಟ್ರನ್ನೇ ಕೇಳ್ಬೇಕಾ?
(ಹರಿಹರ)

ಉತ್ತರ: ನಡೆಯುತ್ತಾ ಅಂತ ಏನು ಕೇಳ್ತೀರಮ್ಮ, ಇದು ಫಾರ್ಮಸಿಸ್ಟ್‌ನ ಕೈಗೇ ಮೊದ್ಲು ಹೋಗ್ಬೇಕಾದ ಕೇಸು. ಆದ್ರೆ ಬರೀ ಕೈಲಿ ಹೋಗಿ ಬಾಯಲ್ಲಿ ಹೇಳ್ಬೇಡಿ. ಮನೇಲಿ ಇರೋ ಮಾತ್ರೆ ಅಷ್ಟನ್ನೂ, ಖಾಲಿ ಆದ ಶೀಟು, ಅರ್ಧ ಉಳಿದ ಶೀಟು, ನಾಟಿ ಔಷಧಿ ಪುಡಿ ಇದ್ರೆ ಅದನ್ನೂ ಸೇರಿಸಿ ಒಂದು ಚೀಲಕ್ಕೆ ಹಾಕ್ಕೊಂಡು ಹೋಗ್ರಿ.

ನಾನು ಚನ್ನಗಿರಿ ಕಡೆ ಇದ್ದಾಗ ಒಬ್ಬ ಅಜ್ಜಿ ಬರ್ತಿದ್ರು, ಮಾತ್ರೆ ಎಲ್ಲಾ ಎಲೆಅಡಿಕೆ ಚೀಲದಲ್ಲೇ. ಕೌಂಟರ್ ಮೇಲೆ ಸುರುವಿದ್ರೆ ಅಡಿಕೆ ಹೋಳು, ಸುಣ್ಣದ ಡಬ್ಬಿ, ಅದರ ನಡುವೆ ಕತ್ರೀಲಿ ಎರಡು ಎರಡು ಮಾತ್ರೆ ಕತ್ತರಿಸಿದ ಶೀಟಿನ ತುಂಡು. ಹೆಸರು ಇರೋ ಭಾಗ ಅಂಗಡೀಲೇ ಉಳ್ಕೊಂಡಿರುತ್ತೆ, ಎಕ್ಸ್‌ಪೈರಿ ತಾರೀಖು ಇನ್ಯಾರ ಮನೇಲೋ. ಅದ್ರಲ್ಲಿ ಬಿಳೀದೊಂದು, ತಿಳಿ ಹಳದೀದೊಂದು. ಅಜ್ಜಿ ಲೆಕ್ಕದಲ್ಲಿ ಬಿಳೀದು 'ಸರ್ಕಾರದ್ದು', ಹಳದೀದು 'ದೊಡ್ಡ ಡಾಕ್ಟ್ರದ್ದು'. ಎರಡೂ ಅಮ್ಲೋಡಿಪಿನ್ನೇ! ಕಂಪನಿ ಬೇರೆ, ಬಣ್ಣ ಬೇರೆ, ಒಳಗಿರೋ ಔಷಧಿ ಒಂದೇ. ಅಜ್ಜಿ ದಿನಾ ಎರಡನ್ನೂ ನುಂಗ್ತಿದ್ರು.

ನಿಮ್ಮತ್ತೆಗೂ ಅದೇ ಆಗಿರಬಹುದು ಅಂತ ನನ್ನ ಅನುಮಾನ, ಅನುಮಾನ ಅಷ್ಟೇ. ಸರ್ಕಾರಿ ಸಪ್ಲೈ ಮಾತ್ರೆ ಮೇಲೆ ಔಷಧಿ ಹೆಸರೇ ದೊಡ್ಡದಾಗಿರುತ್ತೆ, ಪ್ರೈವೇಟ್‌ದರ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಗಿದ್ದು ಅಸಲು ಹೆಸರು ಇರುವೆ ಸಾಲಿನಂಗೆ ಸಣ್ಣಗಿರುತ್ತೆ. ಮನೇಲಿ ಯಾರಿಗೆ ತಾನೇ ಗೊತ್ತಾಗುತ್ತೆ? ಎರಡು ಶೀಟು ಪಕ್ಕಪಕ್ಕ ಇಟ್ಟು ನೋಡೋಕೆ ಫಾರ್ಮಸಿಸ್ಟ್‌ಗೆ ಒಂದು ನಿಮಿಷ ಬೇಕು. ಸಕ್ಕರೆ ಮಾತ್ರೇಲಿ ಗ್ಲಿಮಿಪಿರೈಡ್ ಡಬಲ್ ಆದ್ರೆ, ಇಲ್ಲಾ ಮಾತ್ರೆ ನುಂಗಿ ಹೊತ್ತಿಗೆ ಊಟ ಮಾಡ್ಲಿಲ್ಲ ಅಂದ್ರೆ, ಶುಗರ್ ಕೆಳಗೆ ಬಿದ್ದು ಬೆವರು, ನಡುಕ, ತಲೆಸುತ್ತು ಬರುತ್ತೆ, ಅಂಥಾ ಹೊತ್ತಲ್ಲಿ ಬಾಯಿಗೆ ಸಕ್ಕರೆನೋ ಬೆಲ್ಲಾನೋ ಹಾಕಿ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಮಂಡಿ ನೋವಿನ ಮಾತ್ರೆ ಇನ್ನೊಂದು ತಲೆನೋವು. ಡೈಕ್ಲೋಫೆನಾಕ್, ಎಸಿಕ್ಲೋಫೆನಾಕ್ ಥರದ್ದು ದಿನಾ ನುಂಗಿದ್ರೆ ಬಿಪಿ ಏರುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ಜೊತೆಗಂತೂ ಇನ್ನೂ ಹುಷಾರಾಗಿರ್ಬೇಕು. ಇಷ್ಟನ್ನೂ ಫಾರ್ಮಸಿಸ್ಟ್ ಗುರುತಿಸ್ತಾರೆ, ಆದ್ರೆ ಯಾವುದನ್ನ ನಿಲ್ಸೋದು ಯಾವುದನ್ನ ಕಡಿಮೆ ಮಾಡೋದು ಅನ್ನೋದು ಡಾಕ್ಟ್ರ ತೀರ್ಮಾನ. ಹುಡುಕೋದು ಇವ್ರು, ಬದಲಾಯಿಸೋದು ಅವ್ರು. ನೀವಾಗೇ ಮನೇಲಿ ಯಾವುದನ್ನೂ ನಿಲ್ಲಿಸ್ಬೇಡ್ರಿ. ತಲೆ ಸುತ್ತು ಈಗ್ಲೇ ಇರೋದ್ರಿಂದ ನಾಳೆನೇ ಹೋಗಿ, ಬಿಪಿ ಶುಗರ್ ಎರಡೂ ಚೆಕ್ ಮಾಡ್ಸಿ.

ಪ್ರಶ್ನೆ: ನಾನು ವೈದ್ಯಾಧಿಕಾರಿ. ನಮ್ಮ ಫಾರ್ಮಸಿಸ್ಟ್ ಒಳ್ಳೇ ಕೆಲಸಗಾರ, ಆದ್ರೆ ರೋಗಿ ಎದುರಿಗೇ ಚೀಟಿ ಹಿಡ್ಕೊಂಡು ನನ್ನ ರೂಮಿಗೆ ಬಂದು "ಸರ್ ಈ ಡೋಸ್ ಸರಿ ಐತಾ" ಅಂತಾರೆ. ಜನ ಏನಂದ್ಕೊಳ್ತಾರೆ? ಅವ್ರ ಮಿತಿ ಎಲ್ಲಿವರೆಗೆ?
(ಹೊನ್ನಾಳಿ ತಾಲೂಕು)

ಉತ್ತರ: ಡಾಕ್ಟ್ರೇ, ನಿಮ್ಮ ಬೇಸರ ಅರ್ಥ ಆಗುತ್ತೆ. ಆದ್ರೆ ಅವ್ರು ಕೇಳಿದ್ದು ತಪ್ಪಲ್ಲ, ಕೇಳಿದ ಜಾಗ ತಪ್ಪು, ಇವೆರಡನ್ನ ಗಂಟು ಹಾಕ್ಬೇಡಿ. ಚೀಟೀಲಿ ಅನುಮಾನ ಬಂದ್ರೆ ಬರೆದೋರನ್ನೇ ವಿಚಾರಿಸ್ಬೇಕು, ತಾನೇ ತಿದ್ದಿ ಕೊಡೋ ಹಂಗಿಲ್ಲ. ಶೆಡ್ಯೂಲ್ ಎಚ್‌ನಲ್ಲಿರೋ (ಡಾಕ್ಟ್ರ ಚೀಟಿ ಇಲ್ದೇ ಮಾರೋ ಹಂಗಿಲ್ಲದ) ಔಷಧಿಗೆ ಒಂದರ ಬದಲು ಇನ್ನೊಂದು ಕೊಡೋಕೂ ಡ್ರಗ್ಸ್ ರೂಲ್ಸ್ ಬಿಡಲ್ಲ. ಹಂಗಾಗಿ ಅವ್ರಿಗಿರೋದು ಒಂದೇ ದಾರಿ, ನಿಮ್ಮ ರೂಮಿನ ಬಾಗಿಲು.

ಎಂಥಾ ಡೌಟು ಅಂತೀರಾ? ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪೇ ತಗೊಳ್ರಿ. 5 ಎಂಎಲ್‌ಗೆ 125 ಮಿಲಿಗ್ರಾಂ ಇರೋದೂ ಬರುತ್ತೆ, 250 ಇರೋದೂ ಬರುತ್ತೆ. ನೀವು '5 ಎಂಎಲ್' ಅಂತ ಅಷ್ಟೇ ಬರೆದ್ರೆ, ಯಾವ ಬಾಟ್ಲಿ ಕೈಗೆ ಬಂತು ಅನ್ನೋದರ ಮೇಲೆ ಕೂಸಿಗೆ ಹೋಗೋದು ಒಂದರಷ್ಟು ಇಲ್ಲಾ ಎರಡರಷ್ಟು. ಅದು ಗೊತ್ತಿರೋದು ಬಾಟ್ಲಿ ಹಿಡ್ಕೊಂಡೋರಿಗೆ. ಕೀಲುವಾತಕ್ಕೆ ಕೊಡೋ ಮೆಥೋಟ್ರೆಕ್ಸೇಟ್ ಇನ್ನೂ ಭಯಂಕರ, ವಾರಕ್ಕೆ ಒಂದು ದಿನ ನುಂಗೋ ಔಷಧೀನ ಕೈತಪ್ಪಿ 'ದಿನಾ' ಅಂತ ಬರೆದು, ಅದನ್ನ ಹಂಗೇ ಕೊಟ್ಟು, ರೋಗಿ ಸತ್ತಿರೋ ಪ್ರಕರಣ ಪ್ರಪಂಚದ ಎಷ್ಟೋ ಕಡೆ ದಾಖಲಾಗಿದಾವೆ. ನಡುವೆ ಒಬ್ರು ತಡೆದು ಕೇಳಿದ್ರೆ ಬೇಜಾರಾಗೋದು ಒಂದು ನಿಮಿಷ ಸಾರ್.

ಜಾಗದ ವಿಷಯಕ್ಕೆ ಸುಲಭದ ದಾರಿ ಐತೆ. ಇಬ್ರೂ ಕೂತು ಮಾತಾಡ್ಕೊಳ್ರಿ, ಫೋನ್ ಮಾಡೋದಾ, ಚೀಟಿ ಹಿಂದೆ ಪೆನ್ಸಿಲಲ್ಲಿ ಬರೆದು ಕಳ್ಸೋದಾ, ಅರ್ಜೆಂಟಲ್ಲದ್ದನ್ನ ಓಪಿಡಿ ಮುಗಿದ ಮೇಲೆ ಚಹಾ ಕುಡೀವಾಗ ಮಾತಾಡೋದಾ, ನಿಮಗೆ ಬಿಟ್ಟಿದ್ದು. ಅಪಾಯದ್ದು ಅನ್ನಿಸಿದ್ರೆ ಮಾತ್ರ ಯಾರಿದ್ರೂ ಸರಿ ಎದ್ದು ಬರ್ಲಿ ಅಂತ ನೀವೇ ಹೇಳ್ರಿ. ಮತ್ತೆ ಅವ್ರು ಹೇಳಿದ್ದು ಸರಿ ಇದ್ದಾಗ ಸಿಬ್ಬಂದಿ ಮುಂದೆ ಒಂದು ಮಾತು ಅಂದುಬಿಡಿ, "ಇವ್ರು ನೋಡಿ ಹೇಳಿದ್ರು" ಅಂತ. ನಿಮ್ಮ ಮರ್ಯಾದೆ ಒಂದು ಗುಲಗಂಜಿ ಕಮ್ಮಿ ಆಗಲ್ಲ.

ಪ್ರಶ್ನೆ: ಮೆಡಿಕಲ್ ಶಾಪಲ್ಲಿ ಇರೋರನ್ನೂ ಜನ "ಡಾಕ್ಟ್ರೇ" ಅಂತಾರಲ್ಲ, ಅದು ಸರೀನಾ?
(ದಾವಣಗೆರೆ)

ಉತ್ತರ: ಕರೆಯೋರ ತಪ್ಪೇನಿಲ್ಲ ಬಿಡ್ರಿ, ನಮ್ಮ ಕಡೆ ಬಿಳಿ ಕೋಟು ಹಾಕಿದೋರೆಲ್ಲಾ ಡಾಕ್ಟ್ರೇ. ಹಂಗೆ ಕರೆಸ್ಕೊಂಡು ಸುಮ್ನೆ ಇರೋದು, ಆಮೇಲೆ ನಾಲಿಗೆ ಚಾಚಿ ಆ ಅನ್ನು ಅಂತ ನೋಡಿ ಇಂಜೆಕ್ಷನ್ ಚುಚ್ಚೋದು, ಅದು ತಪ್ಪು. ಏಪ್ರನ್ ಮೇಲೆ ಹೆಸರು, ರಿಜಿಸ್ಟ್ರೇಷನ್ ನಂಬರ್ ಇರೋ ಬ್ಯಾಡ್ಜ್ ಹಾಕ್ಬೇಕು ಅಂತ ರೂಲ್ಸ್ ಐತೆ, ಅದನ್ನ ಹಾಕ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತೆ.

ಪ್ರಶ್ನೆ: ನನ್ನ ಮಗಳು ಪಿಯುಸಿ ಸೈನ್ಸ್ ಮುಗ್ಸಿದಾಳೆ. ಡಿ.ಫಾರ್ಮ, ಬಿ.ಫಾರ್ಮ, ಫಾರ್ಮ್.ಡಿ ಅಂತ ಮೂರು ಹೇಳ್ತಾರೆ, ಯಾವುದು ಸೇರಿಸ್ಲಿ? ಪರಿಚಯದೋರೊಬ್ರು "ಡಿ.ಫಾರ್ಮ ಮಾಡ್ಸಿಬಿಡು, ಸರ್ಟಿಫಿಕೇಟ್ ನಮ್ಮ ಅಂಗಡಿಗೆ ಹಾಕ್ಕೊಳ್ತೀವಿ, ಅವ್ಳು ಮನೇಲೇ ಇರ್ಲಿ, ತಿಂಗಳಾ ತಿಂಗಳಾ ದುಡ್ಡು ಕೊಡ್ತೀವಿ" ಅಂತಿದಾರೆ.
(ಚಳ್ಳಕೆರೆ)

ಉತ್ತರ: ಎರಡನೇ ಮಾತಿಗೆ ಮೊದ್ಲು ಉತ್ತರ ಹೇಳ್ತೀನಿ: ಬೇಡ. ಖಂಡಿತ ಬೇಡ. 1948ರ ಫಾರ್ಮಸಿ ಆಕ್ಟ್ 42ನೇ ಸೆಕ್ಷನ್ ಪ್ರಕಾರ ಡಾಕ್ಟ್ರ ಚೀಟಿಗೆ ಔಷಧಿ ಕೊಡೋದು ರಿಜಿಸ್ಟರ್ಡ್ ಫಾರ್ಮಸಿಸ್ಟ್ ಮಾತ್ರ, ಬೇರೆಯೋರು ಕೊಟ್ರೆ ಅಪರಾಧ. ಗೋಡೆ ಮೇಲೆ ನಿಮ್ಮ ಮಗಳ ಸರ್ಟಿಫಿಕೇಟ್ ಫ್ರೇಮಲ್ಲಿ ನೇತಾಡ್ತಿರುತ್ತೆ, ಕೌಂಟರಲ್ಲಿ ಎಸ್ಸೆಲ್ಸಿ ಹುಡ್ಗ ಮಾತ್ರೆ ಹರಿದು ಕೊಡ್ತಿರ್ತಾನೆ, ನಾಳೆ ಯಾರಿಗೋ ಏನೋ ಆದ್ರೆ ಹೆಸರು ಯಾರದ್ದು ಬರುತ್ತೆ? ಕೌನ್ಸಿಲ್ನೋರು ರಿಜಿಸ್ಟರ್‌ನಿಂದ ಹೆಸರು ತೆಗೆದ್ರೆ ಓದಿದ್ದೂ ನೀರಲ್ಲಿ ಹೋಮ. ಈ ಸರ್ಟಿಫಿಕೇಟ್ ಬಾಡಿಗೆ ದಂಧೆ ಇಡೀ ದೇಶದಲ್ಲೈತೆ, ಗುಟ್ಟೇನಲ್ಲ, ಮತ್ತೆ ಜನ ಫಾರ್ಮಸಿಸ್ಟ್‌ಗೆ ಬೆಲೆ ಕೊಡಲ್ಲ ಅಂತ ಗೋಳಾಡೋ ನಮ್ಮೋರೇ ಇದನ್ನೂ ಮಾಡ್ತಾರೆ ಅನ್ನೋದು ನನಗೆ ಇರೋ ದೊಡ್ಡ ಸಿಟ್ಟು. ಆಳೇ ಬೇಡ, ಕಾಗದ ಇದ್ರೆ ಸಾಕು ಅಂತ ನಾವೇ ತೋರಿಸಿಕೊಟ್ಟ ಮೇಲೆ ಬೆಲೆ ಯಾತಕ್ಕೆ ಕೊಡ್ತಾರೆ?

ಕೋರ್ಸ್ ವಿಷಯ. ಡಿ.ಫಾರ್ಮ ಎರಡು ವರ್ಷ, ಆಮೇಲೆ 500 ಗಂಟೆ ಪ್ರಾಕ್ಟಿಕಲ್ ಟ್ರೈನಿಂಗ್. ಬೇಗ ಕೆಲಸಕ್ಕೆ ಸೇರ್ಬೇಕು, ಆಸ್ಪತ್ರೇಲೋ ಸ್ವಂತ ಅಂಗಡೀಲೋ ಜನದ ಜೊತೆ ಇರ್ಬೇಕು ಅಂದ್ರೆ ಇದು ಸಾಕು, ಈಗಿನ ಸಿಲಬಸ್‌ನಲ್ಲಿ ಸೋಶಿಯಲ್ ಫಾರ್ಮಸಿ, ಕಮ್ಯುನಿಟಿ ಫಾರ್ಮಸಿ ಅಂತ ಸಬ್ಜೆಕ್ಟೇ ಸೇರ್ಸಿದಾರೆ. ಬಿ.ಫಾರ್ಮ ನಾಲ್ಕು ವರ್ಷ, ಕಂಪನಿ, ಲ್ಯಾಬು, ಡ್ರಗ್ ಇನ್‌ಸ್ಪೆಕ್ಟರ್ ಪರೀಕ್ಷೆ ಈ ಕಡೆ ದಾರಿ ಬಿಚ್ಚುತ್ತೆ. ಫಾರ್ಮ್.ಡಿ 2008ರಲ್ಲಿ ನಮ್ಮ ದೇಶದಲ್ಲಿ ಶುರುವಾಗಿದ್ದು, ಆರು ವರ್ಷ, ಕೊನೇ ವರ್ಷ ಪೂರ್ತಿ ಆಸ್ಪತ್ರೇಲಿ ಇಂಟರ್ನ್‌ಶಿಪ್, ವಾರ್ಡಲ್ಲಿ ಡಾಕ್ಟ್ರ ಜೊತೆ ರೌಂಡ್ಸ್ ಹೋಗೋದು ಕಲಿಸ್ತಾರೆ. ಓದು ಚೆನ್ನಾಗೈತೆ, ಅದಕ್ಕೆ ತಕ್ಕ ಸರ್ಕಾರಿ ಹುದ್ದೆ ತಾಲೂಕು ಮಟ್ಟದಲ್ಲಿ ಹುಟ್ಟಿಲ್ಲ ಅನ್ನೋದೂ ಅಷ್ಟೇ ನಿಜ. ಫಾರ್ಮಸಿ ಕಾಲೇಜು ದಾವಣಗೆರೇಲೂ ಇದಾವೆ ದುರ್ಗದಲ್ಲೂ ಇದಾವೆ, ದೂರ ಕಳಿಸ್ಬೇಕು ಅಂತೇನಿಲ್ಲ. ಮಗಳನ್ನ ಕೇಳ್ರಿ ಮೊದ್ಲು, ಅವಳಿಗೆ ಯಾವುದು ಇಷ್ಟ ಅಂತ. ನಿಮ್ಮ ಪತ್ರದಲ್ಲಿ ಅದೊಂದು ಬಿಟ್ಟು ಎಲ್ಲಾ ಇತ್ತು.

ಪ್ರಶ್ನೆ: ಇಂಗ್ಲೆಂಡಲ್ಲಿ ಫಾರ್ಮಸಿಸ್ಟೇ ಚೀಟಿ ಬರೀತಾರಂತೆ. ನಾವು ಅಷ್ಟೇ ಓದ್ತೀವಿ, ನಮಗ್ಯಾಕೆ ಇಲ್ಲ?
(ಫಾರ್ಮ್.ಡಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬರೀತಾರೆ, ಹೌದು. ಬ್ರಿಟನ್ನಿನಲ್ಲಿ ಹೆಚ್ಚಿನ ಟ್ರೈನಿಂಗ್ ಮಾಡ್ಕೊಂಡ ಫಾರ್ಮಸಿಸ್ಟ್‌ಗೆ 2006ರಿಂದ ಸ್ವತಂತ್ರವಾಗಿ ಔಷಧಿ ಬರೆಯೋ ಅಧಿಕಾರ ಐತೆ. ಇಂಗ್ಲೆಂಡಲ್ಲಿ 2015ರ ಹೊತ್ತಿಗೆ ಊರ ಡಾಕ್ಟ್ರ ಕ್ಲಿನಿಕ್ಕಲ್ಲೇ ಫಾರ್ಮಸಿಸ್ಟ್‌ನ ಕೂರಿಸೋ ಪ್ರಯೋಗ ಶುರು ಮಾಡಿದ್ರು, ಆಮೇಲೆ ಅದನ್ನ ದೊಡ್ಡದು ಮಾಡಿದ್ರು. 2024ರ ಜನವರಿ 31ರಿಂದ 'ಫಾರ್ಮಸಿ ಫಸ್ಟ್' ಅಂತ ಬಂತು, ಗಂಟಲು ನೋವು, ಕಿವಿ ನೋವು, ಹೆಂಗಸರ ಉರಿಮೂತ್ರ ಹಿಂಗೆ ಏಳು ಕಾಯಿಲೆಗೆ ಅಂಗಡಿ ಫಾರ್ಮಸಿಸ್ಟೇ ನೋಡಿ, ನಿಯಮದ ಪ್ರಕಾರ ಬೇಕಾದ್ರೆ ಆಂಟಿಬಯಾಟಿಕ್ಕೂ ಕೊಡಬಹುದು. ಆದ್ರೆ ಅದರ ಹಿಂದೆ ಏನೇನೈತೆ ನೋಡಮ್ಮ. ಪ್ರತಿ ರೋಗಿಯ ದಾಖಲೆ ಐತೆ, ಅಂಗಡೀಲಿ ಮಾತಾಡೋಕೆ ಬೇರೆ ರೂಮ್ ಐತೆ, ನೋಡಿದ್ದಕ್ಕೆ ಸರ್ಕಾರ ದುಡ್ಡು ಕೊಡುತ್ತೆ, ಏನು ಕೊಟ್ರು ಅನ್ನೋದು ಅವ್ನ ಡಾಕ್ಟ್ರಿಗೆ ತಿಳಿಯುತ್ತೆ.

ನಮ್ಮಲ್ಲಿ ಅದು ಯಾವುದೂ ಇಲ್ದೇ ಚೀಟಿ ಬರೆಯೋ ಪೆನ್ನು ಒಂದು ಕೊಟ್ರೆ ಈಗ ಕೌಂಟರಲ್ಲಿ ಚೀಟಿ ಇಲ್ದೇ ನಡೀತಿರೋ ಅಜಿತ್ರೋಮೈಸಿನ್ (ಒಂದು ಆಂಟಿಬಯಾಟಿಕ್) ವ್ಯಾಪಾರಕ್ಕೆ ಸೀಲು ಹಾಕಿದಂಗೆ ಆಗುತ್ತೆ ಅಷ್ಟೇ, ಇದು ನನ್ನ ಅಭಿಪ್ರಾಯ, ನಿನ್ನ ಮೇಷ್ಟ್ರು ಒಪ್ಪದಿರಬಹುದು. ನಾನು ಮೊದ್ಲು ಕೇಳೋದು ಬೇರೆ: ಬಿಪಿ ಶುಗರ್ ರೋಗಿಗಳ ಮಾತ್ರೆ ಪರಿಶೀಲನೆ ಮಾಡೋ ಅಧಿಕೃತ ಕೆಲಸ, ಪಿಎಚ್‌ಸೀಲಿ ಅದಕ್ಕೆ ಒಂದು ಕುರ್ಚಿ, ಬರೆಯೋಕೆ ಒಂದು ಕಾಲಂ. ಅದು ಹತ್ತು ವರ್ಷ ಚೆನ್ನಾಗಿ ನಡೀಲಿ, ಪೆನ್ನಿನ ಮಾತು ಆಮೇಲೆ ಆಡೋಣ.

ಪ್ರಶ್ನೆ: ನಾವು ಮೆಡಿಕಲ್ ಶಾಪ್ನೋರು. ನೀವು ಸರ್ಕಾರಿ ಫಾರ್ಮಸಿಸ್ಟ್ ಬಗ್ಗೆನೇ ಬರೀತೀರಿ. ಜ್ವರ ಬಂದ್ರೆ ಜನ ಮೊದ್ಲು ಬರೋದು ನಮ್ಮ ಹತ್ರ. ನಾವು ಯಾವ ಲೆಕ್ಕ?
(ಚಿತ್ರದುರ್ಗ)

ಉತ್ತರ: ಲೆಕ್ಕದಲ್ಲೇ ಇದೀರಿ, ಕಾನೂನೇ ಇಟ್ಟೈತೆ. 2014ರ ಮಾರ್ಚಿಂದ ಶೆಡ್ಯೂಲ್ ಎಚ್1 (ಇನ್ನೂ ಬಿಗಿ ನಿಗಾ ಇಟ್ಟ ಪಟ್ಟಿ) ಔಷಧಿಗೆ ಬೇರೆ ರಿಜಿಸ್ಟರ್ ಇಡ್ಬೇಕು, ಯಾವ ಡಾಕ್ಟ್ರು ಬರೆದಿದ್ದು, ಯಾವ ರೋಗಿ, ಎಷ್ಟು ಕೊಟ್ರಿ ಅಂತ, ಅದನ್ನ ಮೂರು ವರ್ಷ ಜೋಪಾನ ಮಾಡ್ಬೇಕು. ಟಿಬಿ ಔಷಧಿ ಕೂಡ ಅದರೊಳಗೇ ಬರ್ತವೆ. 2018ರಿಂದ ಟಿಬಿ ಔಷಧಿ ಮಾರಿದ ಅಂಗಡಿಯೋರೂ ಆ ರೋಗಿ ಮಾಹಿತೀನ ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಆಗೈತೆ. ನೀವು ತಿಳಿಸಿದ್ರೆ ಅವ್ರ ಮನೆಯೋರ ತಪಾಸಣೆ ಆಗುತ್ತೆ, ಪೌಷ್ಟಿಕ ಆಹಾರದ ದುಡ್ಡು ಅವ್ರ ಖಾತೆಗೆ ಬರುತ್ತೆ, ನಡುವೆ ಬಿಟ್ರೆ ಹುಡುಕ್ಕೊಂಡು ಹೋಗೋರು ಇರ್ತಾರೆ. ಔಷಧಿಯಿಂದ ಮೈಮೇಲೆ ದದ್ದು ಎದ್ರೆ, ಮುಖ ಊದಿದ್ರೆ ನೀವೂ ರಿಪೋರ್ಟ್ ಮಾಡಬಹುದು, ಪಿವಿಪಿಐ (ಔಷಧಿ ಅಡ್ಡಪರಿಣಾಮದ ಲೆಕ್ಕ ಇಡೋ ಸರ್ಕಾರಿ ಕಾರ್ಯಕ್ರಮ) ಟೋಲ್ ಫ್ರೀ ನಂಬರ್ 1800-180-3024.

ಇನ್ನ ಕಹಿ ಮಾತು. ನಿಮ್ಮ ದುಡಿಮೆ ಇರೋದು ಮಾರಿದ ಶೀಟಿನ ಮೇಲೆ, ಹೇಳಿದ ಬುದ್ಧಿಮಾತಿಗೆ ಯಾರೂ ದುಡ್ಡು ಕೊಡಲ್ಲ. "ಇದಕ್ಕೆ ಆಂಟಿಬಯಾಟಿಕ್ ಬೇಡಣ್ಣ, ನೆಗಡಿ ತಾನೇ ಹೋಗುತ್ತೆ" ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಅಲ್ಲಿ ಕೊಡ್ತಾರೆ. ಈ ಇಕ್ಕಟ್ಟು ನನಗೆ ಗೊತ್ತಿಲ್ದೇ ಇಲ್ಲ, ಇದನ್ನ ನೀವೊಬ್ರೇ ಬಗೆಹರಿಸೋಕೂ ಆಗಲ್ಲ. ಆದ್ರೆ ಕೆಂಪು ಗೆರೆ ಇರೋ ಶೀಟು ಚೀಟಿ ಇಲ್ದೇ ಕೊಡಲ್ಲ ಅಂತ ಒಂದು ಬೀದೀಲಿರೋ ಅಂಗಡಿಯೋರೆಲ್ಲಾ ಕೂತು ಒಪ್ಪಂದ ಮಾಡ್ಕೊಂಡ್ರೆ ಗಿರಾಕಿ ಎಲ್ಲಿಗೆ ಹೋಗ್ತಾನೆ? ನಿಮ್ಮ ಸಂಘ ರೇಟಿನ ವಿಷಯಕ್ಕೆ ಒಂದಾಗುತ್ತೆ, ಇದಕ್ಕೂ ಒಮ್ಮೆ ಕೂತು ನೋಡ್ರಿ. ಮತ್ತೆ ಶೀಟು ಕತ್ತರಿಸ್ವಾಗ ಹೆಸರು, ತಾರೀಖು ಇರೋ ತುದೀನ ರೋಗಿಗೆ ಕೊಡ್ರಿ, ಆಗಲ್ಲ ಅಂದ್ರೆ ಕವರ್ ಮೇಲೆ ಬರೀರಿ. ಓದೋಕೆ ಬರದೋರಿಗೆ ಬೆಳಿಗ್ಗೆದಕ್ಕೆ ಸೂರ್ಯ, ರಾತ್ರಿದಕ್ಕೆ ಚಂದ್ರ ಬಿಡಿಸಿಕೊಟ್ರೂ ಆಯ್ತು. ಇದಕ್ಕೆ ಪೆನ್ನಿನ ಇಂಕು ಬಿಟ್ಟು ಏನೂ ಖರ್ಚಿಲ್ಲ.

ಪ್ರಶ್ನೆ: ನಾನು ಆಶಾ. ಬಸುರೇರಿಗೆ ಕಬ್ಬಿಣಾಂಶದ ಮಾತ್ರೆ ಕೊಡ್ಸಿದ್ರೆ ಮಲ ಕಪ್ಪಾಗುತ್ತೆ, ವಾಕರಿಕೆ ಬರುತ್ತೆ ಅಂತ ಹಾಸಿಗೆ ಕೆಳಗೆ ಇಡ್ತಾರೆ. ನುಂಗಿದೀನಿ ಅಂತ ಸುಳ್ಳು ಹೇಳ್ತಾರೆ. ಫಾರ್ಮಸಿಸ್ಟ್ ಸರ್‌ನ ಮಾತಾಡ್ಸಿ ಅಂದ್ರೆ ಅದು ನಿಮ್ಮ ಕೆಲಸ ಅಂತಾರೆ.
(ಹೊಸದುರ್ಗ ತಾಲೂಕು)

ಉತ್ತರ: ಇಬ್ರ ಕೆಲಸಾನೂ ಹೌದು ತಾಯಿ. ಆ ಸರ್‌ಗೆ ಈ ಪುಟ ತೋರ್ಸಿ. ಮೊದಲ ಸಲ ಮಾತ್ರೆ ಕೊಡೋವಾಗ್ಲೇ ಕಿಟಕೀಲಿ "ಮಲ ಕಪ್ಪಾಗುತ್ತೆ, ಹೆದರ್ಬೇಡ, ಅದು ಕಬ್ಬಿಣದ್ದೇ ಬಣ್ಣ" ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಅರ್ಧ ಮಾತ್ರೆ ಹಾಸಿಗೆ ಕೆಳಗೆ ಹೋಗಲ್ಲ. ಮೊದ್ಲೇ ಗೊತ್ತಿದ್ರೆ ಭಯ ಇರಲ್ಲ, ಆಮೇಲೆ ಎಷ್ಟು ಹೇಳಿದ್ರೂ ಅತ್ತೆ ಮಾತೇ ನಡೆಯೋದು.

ನೀವು ಮನೇಲಿ ಹೇಳ್ಬೇಕಾದ್ದು: ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕೆಂಪು ಮಾತ್ರೆ, ಬಸುರಿದ್ದಾಗ ಕಮ್ಮಿ ಅಂದ್ರೂ 180 ದಿನ. ಚಹಾ, ಕಾಫಿ, ಹಾಲಿನ ಜೊತೆ ಬೇಡ, ಮೈಗೆ ಹತ್ತಲ್ಲ. ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೇದು. ಕ್ಯಾಲ್ಸಿಯಂ ಮಾತ್ರೆ ಜೊತೆಗೇ ನುಂಗಬಾರ್ದು, ಎರಡು ತಾಸಾದ್ರೂ ಅಂತರ ಇರ್ಲಿ. ಬರೀ ಹೊಟ್ಟೇಲಿ ವಾಕರಿಕೆ ಬಂದ್ರೆ ರಾತ್ರಿ ಊಟ ಆದ ಮೇಲೆ ಮಲಗೋ ಮುಂಚೆ ನುಂಗ್ಲಿ, ಎಷ್ಟೋ ಜನಕ್ಕೆ ಅದ್ರಲ್ಲೇ ಸರಿ ಹೋಗುತ್ತೆ. ಅಷ್ಟಾದ್ರೂ ಆಗಲ್ಲ ಅಂದ್ರೆ ಹೆಸರು ಬರ್ಕೊಂಡು ಫಾರ್ಮಸಿಸ್ಟ್‌ಗೂ ಡಾಕ್ಟ್ರಿಗೂ ಇಬ್ರಿಗೂ ಹೇಳ್ರಿ, ರಕ್ತ ತೀರಾ ಕಮ್ಮಿ ಇದ್ರೆ ಡ್ರಿಪ್ಪಲ್ಲಿ ಕೊಡೋ ದಾರೀನೂ ಐತೆ. ಮುಂದಿನ ಸಲ ಮನೆಗೆ ಹೋದಾಗ "ನುಂಗಿದ್ಯಾ" ಅಂತ ಕೇಳ್ಬೇಡ್ರಿ, "ಖಾಲಿ ಶೀಟು ಕೊಡವ್ವಾ, ಲೆಕ್ಕ ಬರ್ಕೋಬೇಕು" ಅನ್ರಿ.